ಗಿಳಿಯ ನುಡಿಯೂ ಜ್ಞಾನಿಯ ನುಡಿಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ತತ್ತ್ವಶಾಸ್ತ್ರವನ್ನು ಓದಿ ಆಗಬೇಕಾದುದೇನು ಎಂಬ ಪ್ರಶ್ನೆಯು ಹೊಸದಲ್ಲ. ಎಲ್ಲ ಕಾಲದಲ್ಲಿಯೂ ಅದನ್ನು ಕೇಳಿದವರುಂಟು. ಅದಕ್ಕೆ ಸಮಾಧಾನ ಹೇಳಿದವರೂ ಉಂಟು. ಆದರೆ 2022ನೆಯ ಇಸವಿ ನವೆಂಬರ್ 30ನೆಯ ತಾರೀಖು ಚಾಟ್‌ಜಿಪಿಟಿ ಎಂಬ ಸಂವಾದಯಂತ್ರವು ಲೋಕದ ಕೈಗೆ ಬಂದಂದಿನಿಂದ ಆ ಹಳೆಯ ಪ್ರಶ್ನೆಗೆ ಹಿಂದೆಂದೂ ಇಲ್ಲದಿದ್ದ ಮೊನೆಯು ಬಂದಿರುತ್ತದೆ. ಊರ ಕಟ್ಟೆಯ ಮೇಲೆ ಕುಳಿತ ಬಾಲಕನು ಅಂಗೈಯೊಳಗಣ ದೂರವಾಣಿಯನ್ನು ಕೇಳಿದರೆ, ಸಾಂಖ್ಯರ ತತ್ತ್ವಗಳೆಷ್ಟು, ಷಟ್ಸ್ಥಲಗಳ ಕ್ರಮವೇನು, ಗ್ರೀಕ್ ದೇಶದ ಪ್ಲೇಟೋ ಮಹಾಶಯನ ಮತವೇನು ಎಂಬುದೆಲ್ಲವನ್ನೂ ಅದು ಕ್ಷಣಮಾತ್ರದಲ್ಲಿ ಸರಸವಾದ ಕನ್ನಡದಲ್ಲಿ ಒಪ್ಪಿಸುತ್ತದೆ. ಹೀಗಿರಲು ವರ್ಷಾನುಗಟ್ಟಲೆ ಗುರುಸನ್ನಿಧಿಯಲ್ಲಿ ಕುಳಿತು ತರ್ಕ, ವ್ಯಾಕರಣ, ದರ್ಶನಗಳನ್ನು ಓದುವುದು ಏತಕ್ಕೆಂದು ತಂದೆತಾಯಿಗಳು ಬಾಯಿಬಿಟ್ಟು ಕೇಳುತ್ತಾರೆ. ಪಾಠಶಾಲೆಯ ವಟುವು ಬಾಯಿಬಿಡದೆ ಮನಸ್ಸಿನೊಳಗೆ ಕೇಳಿಕೊಳ್ಳುತ್ತಾನೆ. ಕೇಳಿದವನನ್ನು ಗದರಿಸಿ ಕುಳ್ಳಿರಿಸುವುದು ಉತ್ತರವಾಗಲಾರದು. ಸಂಶಯವನ್ನು ಸಂಶಯವೆಂದೇ ಒಪ್ಪಿ, ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಎತ್ತಿಕೊಂಡು, ಆಮೇಲೆ ಸಿದ್ಧಾಂತವನ್ನು ಹೇಳುವುದು ಶಾಸ್ತ್ರಸಂಪ್ರದಾಯ. ಪ್ರಕೃತ ವಿಷಯದಲ್ಲಿಯೂ ಅದೇ ಕ್ರಮವನ್ನು ಅನುಸರಿಸುವುದು ಯುಕ್ತ.

ಪೂರ್ವಪಕ್ಷಿಯು ಹೇಳುವುದೇನೆಂದರೆ: ಶಾಸ್ತ್ರವೆಂಬುದು ಗ್ರಂಥಗಳಲ್ಲಿರುವುದು, ಗ್ರಂಥಗಳೆಲ್ಲವೂ ಯಂತ್ರದ ಹೊಟ್ಟೆಯೊಳಗೆ ಸೇರಿಹೋಗಿವೆ, ಆದಕಾರಣ ಬೇಕಾದಾಗ ಕೇಳಿ ತಿಳಿದರೆ ಸಾಕು, ಮುಂಚಿತವಾಗಿ ಕಲಿತು ಹೊರುವ ಭಾರವೇಕೆ? ಇದು ಮೊದಲನೆಯದು. ಎರಡನೆಯದಾಗಿ, ಕೇವಲ ಗ್ರಂಥದ ಮಾತನ್ನು ಒಪ್ಪಿಸುವುದಷ್ಟೇ ಅಲ್ಲದೆ ಊಹಾಪೋಹಗಳನ್ನು ಮಾಡುವ ಶಕ್ತಿಯೂ ಯಂತ್ರಕ್ಕೆ ಬಂದಿದೆ. 1997ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರವು ಚದುರಂಗದ ಜಗಜ್ಜೇತ ಗ್ಯಾರಿ ಕ್ಯಾಸ್ಪರೋವನನ್ನು ಸೋಲಿಸಿತು. 2016ರಲ್ಲಿ ಆಲ್ಫಾಗೋ ಎಂಬುದು ಅದಕ್ಕಿಂತಲೂ ಗಹನವಾದ ಗೋ ಎಂಬ ಆಟದಲ್ಲಿ ಕೊರಿಯಾ ದೇಶದ ಲೀ ಸೆಡೋಲನನ್ನು ಐದು ಆಟಗಳಲ್ಲಿ ನಾಲ್ಕನ್ನು ಗೆದ್ದು ಮಣಿಸಿತು. 2025ರಲ್ಲಿ ಯಂತ್ರವು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಆರು ಪ್ರಶ್ನೆಗಳಲ್ಲಿ ಐದನ್ನು ಬಿಡಿಸಿ, 42 ಅಂಕಗಳಿಗೆ 35 ಅಂಕಗಳನ್ನು ಪಡೆದು, ಸುವರ್ಣಪದಕದ ಮಟ್ಟವನ್ನು ಮುಟ್ಟಿತು. ಇಂಥ ತರ್ಕಪಟುವು ಮನೆಯ ಆಳಿನಂತೆ ದೊರೆಯುತ್ತಿರುವಾಗ ಮನುಷ್ಯನು ತರ್ಕವನ್ನು ಕಲಿಯುವುದು, ರೈಲುಗಾಡಿಯಿರುವಾಗ ಕಾಶಿಗೆ ನಡೆದುಹೋಗುವಂತೆ ವ್ಯರ್ಥಶ್ರಮವಲ್ಲವೇ? ಮೂರನೆಯದಾಗಿ, ತತ್ತ್ವಶಾಸ್ತ್ರವು ಹೊಟ್ಟೆಗೆ ಅನ್ನವನ್ನು ಕೊಡಲಾರದು; ಹೊಸ ಯಂತ್ರವಿದ್ಯೆಯಾದರೋ ಕೊಡುತ್ತದೆ.

ಈ ಮೂರೂ ಅಲ್ಲಗಳೆಯತಕ್ಕ ಮಾತುಗಳಲ್ಲ. ಯಂತ್ರದ ಉಪಕಾರವು ದೊಡ್ಡದು. ಕಣ್ಣು ಕಾಣದವರಿಗೆ ಅದು ಓದಿ ಹೇಳುತ್ತದೆ. ಅನ್ಯಭಾಷೆಯ ಅರಿವಿಲ್ಲದವರಿಗೆ ಅನುವಾದಿಸಿ ಕೊಡುತ್ತದೆ. ಜೀವಕೋಶಗಳೊಳಗಣ ಪ್ರೋಟೀನುಗಳ ಆಕಾರವನ್ನು ಊಹಿಸುವ ಯಂತ್ರವಿಧಾನವನ್ನು ರಚಿಸಿದ ವಿಜ್ಞಾನಿಗಳಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆತದ್ದು ಪ್ರಸಿದ್ಧವೇ ಆಗಿದೆ. ಆದುದರಿಂದ ಯಂತ್ರವನ್ನು ಹಳಿದು ಶಾಸ್ತ್ರವನ್ನು ಉಳಿಸಿಕೊಳ್ಳುವ ಯತ್ನವು ಹೇಡಿತನವಾದೀತು. ವಿಚಾರಣೀಯವಾದುದು ಬೇರೊಂದು. ಯಂತ್ರವು ಕೊಡುವ ವಾಕ್ಯವು ಎಂಥದು? ಅದನ್ನು ಕೇಳಿದವನಿಗೆ ಜ್ಞಾನವುಂಟಾಯಿತೆಂದು ಹೇಳಬಹುದೇ? ಉಂಟಾಯಿತಾದರೆ ಆ ಜ್ಞಾನಕ್ಕೆ ಆಧಾರವಾಗಿ ನಿಂತವರಾರು? ಈ ಪ್ರಶ್ನೆಗಳನ್ನು ಯಂತ್ರಶಾಸ್ತ್ರವು ಕೇಳುವುದಿಲ್ಲ. ಪ್ರಮಾಣಶಾಸ್ತ್ರವು ಸಹಸ್ರಾಧಿಕ ವರ್ಷಗಳಿಂದ ಇದನ್ನೇ ಕೇಳುತ್ತ ಬಂದಿದೆ.

ಮೊದಲು ಯಂತ್ರವು ನುಡಿಯುವ ಬಗೆಯನ್ನು ತಿಳಿಯಬೇಕು. 1950ರಲ್ಲಿ ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞನು, ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಬದಿಗಿರಿಸಿ, ಅದರ ಸ್ಥಾನದಲ್ಲಿ ಒಂದು ಆಟವನ್ನು ಮುಂದಿಟ್ಟನು. ಮರೆಯಲ್ಲಿರುವವನೊಡನೆ ಬರವಣಿಗೆಯ ಮೂಲಕ ಮಾತ್ರ ಪ್ರಶ್ನೋತ್ತರ ಮಾಡುವವನಿಗೆ, ಮರೆಯಲ್ಲಿರುವುದು ಮನುಷ್ಯನೋ ಯಂತ್ರವೋ ಎಂಬ ಭೇದವು ತಿಳಿಯದೆ ಹೋದರೆ ಯಂತ್ರವು ಗೆದ್ದಂತೆ. ಇಲ್ಲಿ ಪರೀಕ್ಷಿಸಲ್ಪಡುವುದು ವಾಕ್ಯವೇ ಹೊರತು ವಕ್ತೃವಲ್ಲ. 1980ರಲ್ಲಿ ಅಮೆರಿಕದ ತತ್ತ್ವಜ್ಞನಾದ ಜಾನ್ ಸರ್ಲ್ ಎಂಬವನು ಇದಕ್ಕೆ ಒಂದು ದೃಷ್ಟಾಂತದಿಂದ ಆಕ್ಷೇಪವನ್ನು ತೆಗೆದನು. ಚೀಣೀಭಾಷೆಯ ಒಂದಕ್ಷರವನ್ನೂ ಅರಿಯದವನೊಬ್ಬನು ಕೋಣೆಯೊಳಗೆ ಕುಳಿತಿದ್ದಾನೆ. ಇಂಥ ಗುರುತು ಬಂದರೆ ಇಂಥ ಗುರುತನ್ನು ಹೊರಗೆ ಕಳುಹಿಸೆಂಬ ನಿಯಮಗಳ ಪುಸ್ತಕವು ಅವನ ಬಳಿಯಿದೆ. ಹೊರಗಿನವರಿಗೆ ಅವನ ಉತ್ತರಗಳು ಚೀಣೀಪಂಡಿತನ ಉತ್ತರಗಳಂತೆಯೇ ತೋರುತ್ತವೆ. ಅವನಿಗಾದರೋ ಒಂದು ಶಬ್ದದ ಅರ್ಥವೂ ತಿಳಿದಿಲ್ಲ. ಈ ಆಕ್ಷೇಪಕ್ಕೆ ಪ್ರತ್ಯಾಕ್ಷೇಪಗಳು ಹಲವು ಬಂದಿವೆ. ವಿವಾದವು ಇನ್ನೂ ಮುಗಿದಿಲ್ಲ.

ಇಂದಿನ ಭಾಷಾಯಂತ್ರಗಳು ನಿಯಮದ ಪುಸ್ತಕವನ್ನಿಟ್ಟುಕೊಂಡು ನಡೆಯುವುವಲ್ಲ. 2017ರಲ್ಲಿ ಪ್ರಕಟವಾದ ಟ್ರಾನ್ಸ್‌ಫಾರ್ಮರ್ ಎಂಬ ರಚನೆಯ ಆಧಾರದಿಂದ, ಅಪಾರವಾದ ಗ್ರಂಥರಾಶಿಯನ್ನು ತುಂಡುತುಂಡಾಗಿ ಓದಿಸಿ, ಹಿಂದಿನ ಪದಗಳನ್ನು ಕೊಟ್ಟರೆ ಮುಂದೆ ಬರತಕ್ಕ ಪದವು ಯಾವುದಿರಬಹುದೆಂಬ ಸಂಭವವನ್ನು ಎಣಿಸುವಂತೆ ಅವುಗಳನ್ನು ಪಳಗಿಸುತ್ತಾರೆ. ಬಳಿಕ ಮನುಷ್ಯರು ಮೆಚ್ಚಿದ ಉತ್ತರಗಳ ಕಡೆಗೆ ಅವು ಒಲಿಯುವಂತೆ ಮತ್ತೊಮ್ಮೆ ತಿದ್ದುತ್ತಾರೆ. ಸ್ಥೂಲವಾಗಿ ಹೇಳುವುದಾದರೆ, ಯಾವ ಪದದ ಬಳಿಕ ಯಾವ ಪದವು ಹೊಂದುವುದೆಂಬುದೇ ಆ ವಿದ್ಯೆಯ ಮೂಲ.

ಈಗ ಶಾಸ್ತ್ರದ ಕಡೆಗೆ ತಿರುಗೋಣವಾಗಲಿ. ಅನ್ನಂಭಟ್ಟನ ತರ್ಕಸಂಗ್ರಹವು ಪಾಠಶಾಲೆಯ ಎಳೆಯ ವಟುವಿಗೂ ಪರಿಚಿತವಾದ ಗ್ರಂಥ. ವಾಕ್ಯದಿಂದ ಅರ್ಥಬೋಧವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಅದರಲ್ಲಿ ಹೇಳಿದೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಬರಿಯ ಪದಗಳನ್ನು ಪೇರಿಸಿದರೆ ಒಂದು ಪದವು ಮತ್ತೊಂದನ್ನು ಬಯಸುವುದಿಲ್ಲವಾದ ಕಾರಣ ಅದು ವಾಕ್ಯವಾಗದು, ಇಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ನೆನೆಸುತ್ತಾನೆ ಎಂದರೆ ನೆನೆಸುವ ಯೋಗ್ಯತೆಯು ಬೆಂಕಿಗಿಲ್ಲ. ಒಂದು ಪದವನ್ನು ಈಗಲೂ ಮತ್ತೊಂದನ್ನು ಜಾವ ಕಳೆದ ಮೇಲೂ ನುಡಿದರೆ ಸನ್ನಿಧಿಯಿಲ್ಲ. ಭಾಷಾಯಂತ್ರದ ವಾಕ್ಯವನ್ನು ಈ ಒರೆಗಲ್ಲಿಗೆ ಉಜ್ಜಿ ನೋಡಿದರೆ ಆಕಾಂಕ್ಷೆಯು ಪರಿಪೂರ್ಣವಾಗಿದೆ, ಸನ್ನಿಧಿಗೆ ಕೊರತೆಯಿಲ್ಲ, ಯೋಗ್ಯತೆಯೂ ಬಹುಮಟ್ಟಿಗೆ ಇದೆ. ಇಷ್ಟರಿಂದಲೇ ಕೇಳಿದವನು ಮರುಳಾಗುವುದು.

ಆದರೆ ನೈಯಾಯಿಕರು ಇವುಗಳ ಜೊತೆಗೆ ನಾಲ್ಕನೆಯದೊಂದನ್ನೂ ವಿಚಾರಿಸಿದ್ದಾರೆ, ಅದು ತಾತ್ಪರ್ಯ. ವಕ್ತೃವು ಏನನ್ನು ತಿಳಿಸಬೇಕೆಂದು ಇಚ್ಛಿಸಿ ನುಡಿದನೋ ಆ ಇಚ್ಛೆಯೇ ತಾತ್ಪರ್ಯವು. ಸೈಂಧವ ಎಂಬ ಶಬ್ದಕ್ಕೆ ಉಪ್ಪು ಎಂದೂ ಕುದುರೆ ಎಂದೂ ಎರಡರ್ಥಗಳಿವೆ. ಎಲೆಯ ಮುಂದೆ ಕುಳಿತವನು ಸೈಂಧವವನ್ನು ತರಹೇಳಿದರೆ ಲಾಯಕ್ಕೆ ಓಡುವವನು ಮೂರ್ಖನು. ಪಯಣಕ್ಕೆ ಹೊರಟವನು ಕೇಳಿದರೆ ಉಪ್ಪನ್ನು ತರುವವನೂ ಅಂಥವನೇ. ಇಲ್ಲಿ ಶಬ್ದವು ಒಂದೇ; ಅರ್ಥವನ್ನು ನಿಶ್ಚಯಿಸುವುದು ಹೇಳಿದವನ ಮನಸ್ಸು. ಹಾಗಾದರೆ ಮನಸ್ಸೇ ಇಲ್ಲದ ಕಡೆಯಿಂದ ವಾಕ್ಯವು ಬಂದರೆ ಏನು ಗತಿ? ಈ ಪ್ರಶ್ನೆಯನ್ನು ಹಿಂದಿನವರು ಎತ್ತದೆ ಬಿಟ್ಟಿಲ್ಲ. ಅವರಿಗೆ ಭಾಷಾಯಂತ್ರವಿರಲಿಲ್ಲ, ಗಿಳಿಯಿತ್ತು.

ಹದಿನೇಳನೆಯ ಶತಮಾನದಲ್ಲಿದ್ದ ವಿಶ್ವನಾಥ ನ್ಯಾಯಪಂಚಾನನನು ತನ್ನ ಸಿದ್ಧಾಂತಮುಕ್ತಾವಳಿಯಲ್ಲಿ ಶುಕವಾಕ್ಯದ ವಿಚಾರವನ್ನು ಮಾಡಿದ್ದಾನೆ. ಪಂಜರದ ಗಿಳಿಯು ಒಂದು ವಾಕ್ಯವನ್ನು ನುಡಿಯಿತು. ಕೇಳಿದವನಿಗೆ ಅರ್ಥವೂ ಆಯಿತು. ಅರ್ಥವಾಗಬೇಕಾದರೆ ತಾತ್ಪರ್ಯಜ್ಞಾನವು ಬೇಕೆಂದು ಹೇಳಿದ ಮೇಲೆ, ಗಿಳಿಗೆ ಎಲ್ಲಿಯ ತಾತ್ಪರ್ಯ? ಅವನ ಸಮಾಧಾನವು ಎರಡು ಕವಲಾಗಿದೆ. ಗಿಳಿಯ ಮಾತು ವಸ್ತುಸ್ಥಿತಿಗೆ ಸರಿಹೊಂದಿದರೆ ಅಲ್ಲಿ ಈಶ್ವರನ ತಾತ್ಪರ್ಯವನ್ನು ತಿಳಿಯಬೇಕು. ಸರಿಹೊಂದದೆ ಸುಳ್ಳಾದರೆ ಆ ಗಿಳಿಗೆ ಮಾತು ಕಲಿಸಿದವನ ತಾತ್ಪರ್ಯವನ್ನು ತಿಳಿಯಬೇಕು. ತಾತ್ಪರ್ಯಜ್ಞಾನವು ಎಲ್ಲೆಡೆಯಲ್ಲಿಯೂ ಬೇಕಿಲ್ಲ, ಅನೇಕಾರ್ಥದ ಶಬ್ದಗಳಿದ್ದೆಡೆ ಮಾತ್ರ ಬೇಕೆಂಬ ಪಕ್ಷಾಂತರವೂ ಉಂಟು, ಅದು ಹಾಗಿರಲಿ. ಎರಡನೆಯ ಕವಲು ಇಂದಿಗೆ ಅತ್ಯಂತ ಮುಖ್ಯವಾದುದು. ಗಿಳಿಯ ಸುಳ್ಳಿಗೆ ಗಿಳಿಯನ್ನು ಹೊಣೆಮಾಡಬೇಡ. ಪಂಜರದ ಹಿಂದೆ ನಿಂತು ಕಲಿಸಿದವನನ್ನು ನೋಡು ಎಂಬುದು ಅದರ ಸಾರಾಂಶ.

2021ರಲ್ಲಿ ಎಮಿಲಿ ಬೆಂಡರ್, ಟಿಮ್ನಿಟ್ ಗೆಬ್ರು ಮೊದಲಾದ ವಿದುಷಿಯರು ಬರೆದ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಈ ಭಾಷಾಯಂತ್ರಗಳಿಗೆ ಸಂಭವಗಣಿತದ ಗಿಳಿಗಳೆಂದು ಹೆಸರಿಟ್ಟರು. ದೇಶಕಾಲಗಳಿಂದ ಇಷ್ಟು ದೂರವಿರುವ ಇಬ್ಬಗೆಯ ವಿಚಾರವಂತರಿಗೆ ಒಂದೇ ಹಕ್ಕಿಯು ನೆನಪಾದುದು ಸೋಜಿಗವಲ್ಲವೇ! ಆದರೆ ಇಲ್ಲಿ ಒಂದು ಆಕ್ಷೇಪವುಂಟು. ಗಿಳಿಯು ಕಲಿಸಿದಷ್ಟನ್ನೇ ನುಡಿಯುತ್ತದೆ. ಯಂತ್ರವಾದರೋ ಯಾರೂ ಬರೆಯದಿದ್ದ ವಾಕ್ಯವನ್ನೂ ರಚಿಸುತ್ತದೆ, ಯಾರೂ ಕೇಳದಿದ್ದ ಲೆಕ್ಕವನ್ನೂ ಬಿಡಿಸುತ್ತದೆ. ಆದ್ದರಿಂದ ಹೋಲಿಕೆಯು ಸಲ್ಲದೆನ್ನಬಹುದು. ಆಕ್ಷೇಪವು ಭಾಗಶಃ ಸರಿಯೇ. ಗಣಿತದ ಉಪಪತ್ತಿಯನ್ನು ಯಂತ್ರವು ಕೊಟ್ಟಾಗ ಪರೀಕ್ಷಕರು ಅದನ್ನು ಯಂತ್ರದ ಮಾತೆಂದು ನಂಬಲಿಲ್ಲ. ಹೆಜ್ಜೆಹೆಜ್ಜೆಯಾಗಿ ತಿದ್ದಿ ನೋಡಿ ಅಂಕ ಹಾಕಿದರು. ಅಲ್ಲಿ ಪ್ರಮಾಣವಾದುದು ಅನುಮಾನವೇ ಹೊರತು ಶಬ್ದವಲ್ಲ. ತಾನೇ ಪರೀಕ್ಷಿಸಬಲ್ಲವನಿಗೆ ಯಂತ್ರದ ಮಾತು ಉಪಕಾರಿ. ಪರೀಕ್ಷಿಸಲಾರದವನು ಅದನ್ನೇ ಆಪ್ತವಾಕ್ಯವೆಂದು ತಲೆಯ ಮೇಲಿಟ್ಟುಕೊಂಡಾಗ ಕೇಡು ತಲೆದೋರುತ್ತದೆ.

ಆಪ್ತನೆಂದರೆ ಯಾರು? ನ್ಯಾಯಸೂತ್ರಕಾರನಾದ ಗೌತಮನು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳನ್ನು ಹೇಳಿ, ಶಬ್ದವೆಂದರೆ ಆಪ್ತನ ಉಪದೇಶವೆಂದು ಗೆರೆ ಎಳೆದಿದ್ದಾನೆ. ಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನ ಲಕ್ಷಣವನ್ನು ವಿವರಿಸುತ್ತ, ವಸ್ತುವನ್ನು ಸಾಕ್ಷಾತ್ತಾಗಿ ಕಂಡಿರುವುದು, ಕಂಡಂತೆಯೇ ಹೇಳಬೇಕೆಂಬ ಇಚ್ಛೆಯಿರುವುದು ಎಂಬಿವೆರಡನ್ನೂ ಬೇಡುತ್ತಾನೆ. ಈ ಲಕ್ಷಣವು ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಸಮಾನವೆಂದು ಅವನು ಒಪ್ಪಿರುವುದು ಅವನ ಔದಾರ್ಯ. ಕುಲವಾಗಲಿ ದೇಶವಾಗಲಿ ವೇಷವಾಗಲಿ ಆಪ್ತತೆಗೆ ಕಾರಣವಲ್ಲ. ಕಾಣ್ಕೆ ಮತ್ತು ಸತ್ಯಸಂಧತೆಗಳೇ ಕಾರಣ. ಯಂತ್ರವು ಕಂಡದ್ದೇನು? ಇತರರು ಕಂಡು ಬರೆದುದನ್ನೂ, ಕಾಣದೆ ಬರೆದುದನ್ನೂ ಅದು ಒಂದೇ ಕಣಜದಲ್ಲಿ ತುಂಬಿಕೊಂಡಿದೆ. ಜೊಳ್ಳೂ ಕಾಳೂ ಒಂದೇ ಹೊಳಪಿನಿಂದ ಹೊರಬರುತ್ತವೆ.

ಇದಕ್ಕೆ ಲೌಕಿಕ ದೃಷ್ಟಾಂತಗಳು ಬೇಕಾದರೆ ಎರಡನ್ನು ಹೇಳಬಹುದು. 2023ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಸಂಯುಕ್ತ ನ್ಯಾಯಾಲಯದಲ್ಲಿ ವಕೀಲರೊಬ್ಬರು ಹಿಂದಿನ ತೀರ್ಪುಗಳೆಂದು ಹಲವನ್ನು ಉದಾಹರಿಸಿ ಲಿಖಿತವಾದವನ್ನು ಸಲ್ಲಿಸಿದರು. ಪ್ರತಿಪಕ್ಷದವರು ಎಷ್ಟು ಹುಡುಕಿದರೂ ಅವುಗಳಲ್ಲಿ ಆರು ಮೊಕದ್ದಮೆಗಳು ಸಿಕ್ಕಲಿಲ್ಲ; ಸಿಕ್ಕಲು ಅವು ಇರಲೇ ಇಲ್ಲ. ಸಂವಾದಯಂತ್ರವು ಪಕ್ಷಗಾರರ ಹೆಸರು, ತೀರ್ಪಿನ ಒಕ್ಕಣೆ ಎಲ್ಲವನ್ನೂ ತಾನೇ ಹೆಣೆದು ಕೊಟ್ಟಿತ್ತು. ಇವು ನಿಜವೇ ಎಂದು ವಕೀಲರು ಆ ಯಂತ್ರವನ್ನೇ ಕೇಳಿದ್ದರು. ನಿಜವೆಂದೇ ಅದು ಹೇಳಿತ್ತು. ನ್ಯಾಯಾಲಯವು ಯಂತ್ರಕ್ಕಲ್ಲ, ವಕೀಲರಿಗೆ 5,000 ಡಾಲರುಗಳ ದಂಡವನ್ನು ವಿಧಿಸಿತು. ಜ್ಞಾನದ ಪ್ರಾಮಾಣ್ಯವು ತನ್ನಿಂದಲೇ ತಿಳಿಯುವುದಲ್ಲ, ಬೇರೊಂದರಿಂದ ತಿಳಿಯತಕ್ಕದ್ದೆಂಬ ನೈಯಾಯಿಕರ ಪರತಃಪ್ರಾಮಾಣ್ಯವಾದವನ್ನು ಶುಷ್ಕಚರ್ಚೆಯೆಂದು ತಳ್ಳಿದವರು ಈ ಪ್ರಸಂಗವನ್ನು ಒಮ್ಮೆ ನೆನೆಯಬೇಕು. ಸಾಕ್ಷಿಯು ಸತ್ಯವಂತನೋ ಎಂದು ಆ ಸಾಕ್ಷಿಯನ್ನೇ ಕೇಳಿ ತೃಪ್ತನಾಗುವವನು ನ್ಯಾಯಶಾಸ್ತ್ರದ ಮೊದಲನೆಯ ಪಾಠವನ್ನೂ ಓದಿದವನಲ್ಲ.

ಎರಡನೆಯದು ಕೆನಡಾ ದೇಶದ್ದು. ಅಜ್ಜಿಯು ತೀರಿಕೊಂಡ ದುಃಖದಲ್ಲಿದ್ದ ಪ್ರಯಾಣಿಕನೊಬ್ಬನಿಗೆ ಒಂದು ವಿಮಾನಸಂಸ್ಥೆಯ ಸಂವಾದಯಂತ್ರವು, ಈಗ ಪೂರ್ಣ ದರವನ್ನು ಕೊಟ್ಟು ಹೋಗಿ ಬಂದು 90 ದಿನಗಳೊಳಗೆ ಅರ್ಜಿ ಹಾಕಿದರೆ ರಿಯಾಯಿತಿಯು ದೊರೆಯುವುದೆಂದು ತಿಳಿಸಿತು. ಸಂಸ್ಥೆಯ ನಿಯಮವಾದರೋ ಹಾಗಿರಲಿಲ್ಲ. ವಿವಾದವು ನ್ಯಾಯಮಂಡಲಿಗೆ ಹೋದಾಗ ಸಂಸ್ಥೆಯು ತನ್ನ ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂದು ವಾದಿಸಿತು. 2024ರ ಫೆಬ್ರವರಿಯಲ್ಲಿ ಮಂಡಲಿಯು ಆ ವಾದವನ್ನು ತಳ್ಳಿಹಾಕಿ, 650 ಡಾಲರುಗಳಿಗೆ ಮಿಕ್ಕ ನಷ್ಟಪರಿಹಾರವನ್ನು ಬಡ್ಡಿ, ವೆಚ್ಚಗಳೊಡನೆ ಕೊಡುವಂತೆ ಆಜ್ಞಾಪಿಸಿತು. ವಿಶ್ವನಾಥನ ಶುಕವಾಕ್ಯವಿಚಾರವನ್ನು ಆ ಮಂಡಲಿಯವರು ಓದಿರಲಾರರು. ಆದರೂ ಅವರು ಕೊಟ್ಟ ನಿರ್ಣಯವು ಅದೇ ಆಗಿದೆ. ಸುಳ್ಳಾಡಿದ ಗಿಳಿಯ ಹಿಂದೆ ಕಲಿಸಿದವನಿದ್ದಾನೆ. ಯಂತ್ರಕ್ಕೆ ಮನಸ್ಸುಂಟೇ ಇಲ್ಲವೇ ಎಂಬ ವಿವಾದವು ಎಂದು ಮುಗಿಯುವುದೋ ಮುಗಿಯಲಿ. ಹೊಣೆಯು ಯಾರದೆಂಬ ನಿರ್ಣಯವು ಅಲ್ಲಿಯ ತನಕ ಕಾದಿರಲಾರದು.

ಶಬ್ದದ ವಿಷಯವು ಹೀಗಾಯಿತು. ಅನುಮಾನದ ವಿಷಯದಲ್ಲಿ ಯಂತ್ರವು ತಪ್ಪುವ ಬಗೆಯು ಇನ್ನೂ ಸೂಕ್ಷ್ಮವಾದುದು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯು ನಿರ್ದುಷ್ಟವಾದುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಅದನ್ನೇ ತಿರುಗಿಸಿ ಹೇಳಿದರೆ ಕೆಟ್ಟಿತು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಕಾರಣವಾದುದು ಹಸಿಯ ಸೌದೆ. ಅದು ಕಣ್ಮರೆಯಾಗಿ ನಿಂತು ಅನುಮಾನವನ್ನು ಕೆಡಿಸುತ್ತದೆ. ಅದಕ್ಕೇ ಉಪಾಧಿಯೆಂದು ಹೆಸರು. ಎಷ್ಟು ಸಾವಿರ ಸಲ ಎರಡು ವಸ್ತುಗಳನ್ನು ಜೊತೆಯಲ್ಲಿ ಕಂಡರೂ, ಉಪಾಧಿಯಿಲ್ಲವೆಂಬ ನಿಶ್ಚಯವಾಗದೆ ವ್ಯಾಪ್ತಿಯು ಸಿದ್ಧಿಸದೆಂಬುದು ತಾರ್ಕಿಕರ ಎಚ್ಚರಿಕೆ. ಇಂದಿನ ಯಂತ್ರಗಳು ಬಹುಮಟ್ಟಿಗೆ ಕಲಿಯುವುದು ಹೀಗೆ ಜೊತೆಯಲ್ಲಿ ಕಂಡುದನ್ನು ಎಣಿಸಿಯೇ.

1990ರ ದಶಕದಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ಎಂಬ ಶ್ವಾಸಕೋಶದ ರೋಗದಿಂದ ನರಳುವವರಲ್ಲಿ ಯಾರಿಗೆ ಮರಣಭಯವು ಹೆಚ್ಚು, ಯಾರಿಗೆ ಕಡಿಮೆಯೆಂದು ಊಹಿಸಲು ಯಂತ್ರಗಳಿಗೆ ಕಲಿಸುವ ಸಂಶೋಧನೆಯು ನಡೆಯಿತು. ಹಿಂದಿನ ರೋಗಿಗಳ ದಾಖಲೆಗಳಿಂದ ಒಂದು ಯಂತ್ರವು ಕಲಿತ ನಿಯಮಗಳಲ್ಲಿ ಒಂದು ಹೀಗಿತ್ತು: ಗೂರಲುರೋಗವಿದ್ದವರಿಗೆ ನ್ಯುಮೋನಿಯಾ ಬಂದರೆ ಸಾಯುವ ಭಯವು ಕಡಿಮೆ. ವೈದ್ಯರು ಬೆಚ್ಚಿದರು. ಲೆಕ್ಕವನ್ನು ನೋಡಿದರೆ ತಪ್ಪಿರಲಿಲ್ಲ. ಆಗಿದ್ದುದೇನೆಂದರೆ, ಗೂರಲುಳ್ಳವರಿಗೆ ಅಪಾಯವು ಹೆಚ್ಚೆಂದು ಬಲ್ಲ ವೈದ್ಯರು ಅವರನ್ನು ನೇರವಾಗಿ ತೀವ್ರನಿಗಾ ವಿಭಾಗಕ್ಕೆ ಸೇರಿಸಿ ಹಗಲಿರುಳೂ ಕಾಯುತ್ತಿದ್ದರು. ಆ ಆರೈಕೆಯಿಂದ ಅವರು ಬದುಕುತ್ತಿದ್ದರು. ಗೂರಲು ಬದುಕಿಸಿದುದಲ್ಲ, ಆರೈಕೆಯೇ ಬದುಕಿಸಿದುದು. ಆರೈಕೆಯೇ ಇಲ್ಲಿಯ ಹಸಿಯ ಸೌದೆ, ಯಂತ್ರಕ್ಕೆ ಕಾಣದ ಉಪಾಧಿ. ಯಂತ್ರದ ಮಾತನ್ನು ನಂಬಿ ಗೂರಲುರೋಗಿಯನ್ನು ಮನೆಗೆ ಕಳುಹಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಹೇಳಬೇಕಾದುದಿಲ್ಲ. ಇಂಥ ಅಪಾಯವನ್ನು ಮನಗಂಡು ಆ ನಿಗೂಢ ಯಂತ್ರವಿಧಾನವನ್ನು ರೋಗಿಗಳ ಮೇಲೆ ಪ್ರಯೋಗಿಸದೆ ಬಿಟ್ಟರು. ಉಪಾಧಿಯ ಪಾಠವನ್ನು ಓದುವ ವಟುವು ಹೊಗೆ ಬೆಂಕಿಗಳ ಈ ಗೋಜು ಜೀವನಕ್ಕೆ ಏತಕ್ಕೆಂದು ಬೇಸರಿಸುವುದುಂಟು. ಮನುಷ್ಯಪ್ರಾಣವು ಉಳಿಯುವುದೂ ಅಳಿಯುವುದೂ ಆ ಗೋಜನ್ನು ಬಿಡಿಸುವ ಬುದ್ಧಿಯ ಮೇಲೆ ನಿಂತಿರಬಹುದು.

ಮೂರನೆಯದಾಗಿ ಸಂವಾದದ ಧರ್ಮ. ಕಥೆಯು ವಾದ, ಜಲ್ಪ, ವಿತಂಡಾ ಎಂದು ಮೂರು ವಿಧ. ಗೆಲವಿಗಾಗಿ ಮಾಡುವುದು ಜಲ್ಪ. ಪರರದನ್ನು ಕೆಡಹುವುದಕ್ಕಾಗಿಯೇ ಮಾಡುವುದು ವಿತಂಡಾ. ತತ್ತ್ವನಿರ್ಣಯಕ್ಕಾಗಿ ಗುರುಶಿಷ್ಯರೂ ಸಹಪಾಠಿಗಳೂ ಮಾಡುವುದು ವಾದ. ಈ ಮೂರರಲ್ಲಿಯೂ ಸೇರದ ಇನ್ನೊಂದುಂಟು, ಅದು ಮುಖಸ್ತುತಿ. ಮನುಷ್ಯರು ಮೆಚ್ಚಿದ ಉತ್ತರದ ಕಡೆಗೆ ಯಂತ್ರವನ್ನು ತಿದ್ದುತ್ತ ಹೋದರೆ ಅದು ಕೇಳುವವನ ಮನಸ್ಸಿಗೆ ಹಿತವಾದುದನ್ನೇ ನುಡಿಯತೊಡಗುವುದು ಸಹಜ. 2025ರ ಏಪ್ರಿಲ್ ತಿಂಗಳಲ್ಲಿ ಚಾಟ್‌ಜಿಪಿಟಿಯ ಒಂದು ಪರಿಷ್ಕೃತ ರೂಪವು ಅತಿಯಾದ ಹೊಗಳುಭಟ್ಟತನವನ್ನು ತೋರಿತೆಂದು ಅದನ್ನು ರಚಿಸಿದ ಸಂಸ್ಥೆಯೇ ಕೆಲವು ದಿನಗಳಲ್ಲಿ ಹಿಂತೆಗೆದುಕೊಂಡಿತು. ಗುರುವು ಶಿಷ್ಯನ ತಪ್ಪನ್ನು ತಪ್ಪೆನ್ನುತ್ತಾನೆ. ಶಿಷ್ಯನು ಮುನಿದು ಬಾರದೆ ಹೋದರೂ ಅನ್ನುತ್ತಾನೆ. ಹೌದೆನ್ನುವವರ ನಡುವೆಯೇ ಬೆಳೆದ ದೊರೆಮಗನ ಗತಿಯು ಪುರಾಣಪ್ರಸಿದ್ಧವಾಗಿದೆ. ಇನ್ನು ಮುಂದೆ ಪ್ರತಿಯೊಂದು ಮನೆಯ ಮಗುವಿಗೂ ಅಂಥ ಆಸ್ಥಾನವೊಂದು ಅಂಗೈಯಲ್ಲಿಯೇ ದೊರೆಯುವುದಾದರೆ, ಅಲ್ಲವೆಂಬ ಮಾತನ್ನು ಕೇಳಿ ಸಹಿಸುವ ಶಿಕ್ಷಣವು ಬೇರೆಲ್ಲಿಂದ ದೊರೆತೀತು?

ಶರಣಮಾರ್ಗದವರಿಗೆ ಈ ವಿಚಾರವು ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಶರಣರು ನುಡಿಗೂ ನಡೆಗೂ ಬಿರುಕಿರಬಾರದೆಂದು ಹಿಡಿದ ಹಟವು, ಮಾತಿನ ಹಿಂದೆ ಬಾಳಿದ ಜೀವವೊಂದು ಇರಬೇಕೆಂಬ ಹಟವೇ ಸರಿ. ಅವರ ನುಡಿಗೆ ಅನುಭಾವವು ಬೇರು, ಕಾಯಕವು ನೆಲ. ವಚನದ ಕೊನೆಯ ಅಂಕಿತವು ಅಲಂಕಾರಕ್ಕೆ ಬಂದುದಲ್ಲ; ಈ ಮಾತಿಗೆ ಇಂಥವರು ಹೊಣೆಯೆಂಬ ಮುದ್ರೆಯದು. ಇಂದು ಯಂತ್ರವನ್ನು ಕೇಳಿದರೆ ಯಾವ ಶರಣರೂ ಹೇಳದ ಮಾತನ್ನು ನಾಲ್ಕು ಸಾಲುಗಳಲ್ಲಿ ಹೆಣೆದು ತುದಿಗೆ ಕೂಡಲಸಂಗಮದೇವನ ಹೆಸರನ್ನು ಇಟ್ಟುಕೊಡಬಲ್ಲುದು. ಅದು ಕೈಯಿಂದ ಕೈಗೆ ಹರಿದು ನಾಳೆ ಪ್ರವಚನದ ಪೀಠವನ್ನೇ ಏರಬಹುದು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಅರಸಿ, ಒಂದು ಪ್ರತಿಯನ್ನು ಮತ್ತೊಂದರೊಡನೆ ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದುದು ಎಂಥ ತಪಸ್ಸು! ಅಂಥವರು ಒಂದೊಂದಾಗಿ ಆಯ್ದಿಟ್ಟ ಕಾಳಿನ ರಾಶಿಗೆ ಜೊಳ್ಳು ಬೆರೆಯದಂತೆ ಕಾಯುವ ಹೊಣೆಯು ಈಗ ಪ್ರತಿಯೊಬ್ಬ ಭಕ್ತನ ಮೇಲೆ ಬಿದ್ದಿದೆ. ಯಾವ ಸಂಪುಟದಲ್ಲಿದೆ, ಯಾವ ಓಲೆಯಿಂದ ಬಂತು ಎಂದು ಕೇಳದೆ ಅಂಕಿತವನ್ನು ಕಂಡೊಡನೆ ಕೈಮುಗಿಯುವುದು ಭಕ್ತಿಯೆನಿಸದು, ಆಲಸ್ಯವೆನಿಸುತ್ತದೆ.

ಇಷ್ಟು ಹೇಳಿದ ಮೇಲೆ ಪಾಠಶಾಲೆಗಳ ಕಡೆಗೂ ಒಂದು ಮಾತನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಗಿಳಿಪಾಠವೆಂಬ ಮಾತು ಕನ್ನಡದಲ್ಲಿ ಹುಟ್ಟಿದುದು ಯಂತ್ರವನ್ನು ಕಂಡಲ್ಲ, ವಿದ್ಯಾರ್ಥಿಯನ್ನು ಕಂಡು. ಐದು ಹೇತ್ವಾಭಾಸಗಳ ಲಕ್ಷಣಗಳನ್ನು ತಡವರಿಸದೆ ಒಪ್ಪಿಸಿ, ಸಂತೆಯಲ್ಲಿ ಕೇಳಿದ ಒಂದು ಕುಯುಕ್ತಿಯಲ್ಲಿ ದೋಷವೆಲ್ಲಿದೆಯೆಂದು ತೋರಿಸಲಾರದ ವಟುವು ಗಿಳಿಗಿಂತ ಮೇಲಾದವನಲ್ಲ. ಅವನನ್ನು ಹಾಗೆ ಬೆಳೆಸಿದ ಬೋಧನಕ್ರಮವೂ ನಿರ್ದೋಷವಾದುದಲ್ಲ. ಕಂಠಪಾಠವು ಅಡಿಗಲ್ಲು, ಅಡಿಗಲ್ಲನ್ನೇ ಮನೆಯೆಂದು ತಿಳಿದು ಅದರ ಮೇಲೆ ಮಲಗಿದವರು ಬಹುಮಂದಿ. ಒಪ್ಪಿಸುವುದರಲ್ಲಿ ಯಂತ್ರವನ್ನು ಮೀರಿಸುವವರು ಇನ್ನು ಹುಟ್ಟಲಾರರು. ಆದುದರಿಂದ ಒಪ್ಪಿಸುವಿಕೆಯನ್ನೇ ಪಾಂಡಿತ್ಯವೆಂದೆಣಿಸಿದ್ದ ಕಾಲವು ಮುಗಿಯಿತು. ಇದು ಶಾಸ್ತ್ರಕ್ಕೆ ಬಂದ ಕೇಡಲ್ಲ. ಶಾಸ್ತ್ರದ ಮೇಲೆ ಬೆಳೆದಿದ್ದ ಹುತ್ತವು ಕುಸಿದಂತೆ.

ಶ್ರವಣ, ಮನನ, ನಿದಿಧ್ಯಾಸನಗಳೆಂದು ಅಧ್ಯಯನವು ಮೂರು ಮೆಟ್ಟಿಲುಳ್ಳದ್ದು. ಶ್ರವಣಕ್ಕೆ ಯಂತ್ರವು ನೆರವಾಗಬಲ್ಲುದು. ಗ್ರಂಥವು ಹಿಂದೆ ನೆರವಾದಂತೆ. ಮನನವನ್ನಾದರೋ ಮತ್ತೊಬ್ಬರು ಮಾಡಿಕೊಡಲಾರರು. ಹಸಿದವನ ಪರವಾಗಿ ನೆರೆಯವನು ಉಂಡರೆ ಹಸಿವು ಹಿಂಗುವುದೇ? ವಿದ್ಯಾರ್ಥಿಯು ಬರೆಯಬೇಕಾದ ಪ್ರಬಂಧವನ್ನು ಯಂತ್ರವು ಬರೆದುಕೊಟ್ಟರೆ ಪ್ರಬಂಧವು ಹುಟ್ಟುತ್ತದೆ, ವಿದ್ಯಾರ್ಥಿಯು ಹುಟ್ಟುವುದಿಲ್ಲ. ಯೋಚನೆಯೂ ಒಂದು ಕಾಯಕ. ಅದರ ಫಲಕ್ಕಿಂತ ಅದನ್ನು ಮಾಡಿದವನಲ್ಲಿ ಆಗುವ ಮಾರ್ಪಾಟೇ ದೊಡ್ಡದು. ರೈಲುಗಾಡಿಯಿರುವಾಗ ನಡೆಯುವುದೇಕೆಂದ ಪೂರ್ವಪಕ್ಷಿಗೆ ಇದೇ ಸಮಾಧಾನ. ಊರನ್ನು ಸೇರುವುದಷ್ಟೇ ಬೇಕಾದವನು ಗಾಡಿಯನ್ನೇರಲಿ. ಕಾಲಿಗೆ ಬಲ ಬರಬೇಕೆಂಬವನು ನಡೆಯಲೇಬೇಕು. ಕಾಲನ್ನೇ ಮರೆತವನು ಗಾಡಿಯು ನಿಂತ ಊರಿನಲ್ಲಿಯೇ ಬಾಳಬೇಕಾದೀತು. ಅದು ಅವನು ಹೋಗಬೇಕೆಂದಿದ್ದ ಊರು ಹೌದೋ ಅಲ್ಲವೋ! ಹೊಟ್ಟೆಯ ಮಾತಿಗೂ ಉತ್ತರವಿದೆ. ಅನ್ನಕ್ಕಾಗಿ ಯಂತ್ರವಿದ್ಯೆಯನ್ನು ಕಲಿಯುವವನಿಗೆ ತರ್ಕಾಧ್ಯಯನವು ಅಡ್ಡಬಾರದು. ಯಂತ್ರದ ತಪ್ಪನ್ನು ತಪ್ಪೆಂದು ಗುರುತಿಸಬಲ್ಲವನು ಆ ವಿದ್ಯೆಯಲ್ಲಿಯೂ ಬೇಕಾದವನೇ. ನ್ಯೂಯಾರ್ಕಿನ ವಕೀಲರಿಗೆ ಕೊರತೆಯಾದುದು ಯಂತ್ರವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮಹೋತ್ಸವದ ನೆನಪಿಗೆ ಕಟ್ಟಡವು ಏಳುವುದುಂಟು. ಅದರ ಜೊತೆಗೆ ಒಂದು ಚಿಕ್ಕ ಕಾರ್ಯವು ನೆಲೆಗೊಳ್ಳಲಿ. ತರ್ಕದ ಪಾಠವು ವಟುಗಳಿಗೆ ಮಾತ್ರ ಮೀಸಲಾಗಿರದೆ, ಒಕ್ಕಲಿಗರೂ, ವರ್ತಕರೂ, ಮನೆಯ ತಾಯಂದಿರೂ, ಶಾಲೆಗೆ ಹೋಗುವ ಹೆಣ್ಣುಮಕ್ಕಳೂ ವಾರಕ್ಕೊಂದು ಸಂಜೆ ಗೋಷ್ಠಿಯಾಗಿ ಕುಳಿತುಕೊಳ್ಳಲಿ. ಯಂತ್ರವನ್ನು ಹೊರಗಿಡುವುದು ಬೇಡ. ಅದು ಬರೆದ ಒಂದು ಪುಟವನ್ನು ನಡುವೆ ಇಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಇದನ್ನು ಯಾರು ಕಂಡು ಹೇಳಿದರು? ಯಾವ ಪ್ರಮಾಣದಿಂದ ಇದು ಸಿದ್ಧವಾಯಿತು? ಇದರ ವ್ಯಾಪ್ತಿಯಲ್ಲಿ ಹಸಿಯ ಸೌದೆಯು ಎಲ್ಲಿಯಾದರೂ ಅಡಗಿದೆಯೇ? ಈ ಮಾತಿನ ಹಿಂದಿರುವ ತಾತ್ಪರ್ಯವು ಯಾರದು, ಇದು ಸುಳ್ಳಾದರೆ ಹೊಣೆಯು ಯಾರದು? ಈ ನಾಲ್ಕನ್ನು ಕೇಳಲು ಕಲಿತ ರೈತನನ್ನು ಯಾವ ಗಿಳಿಯೂ ಮರುಳುಮಾಡಲಾರದು. ಅದೇ ನಾಲ್ಕನ್ನು ಅವನು ಪಂಡಿತನನ್ನೂ, ಪ್ರವಚನಕಾರನನ್ನೂ ಕೇಳುವನು. ಕೇಳಲಿ. ಕೇಳಿದಾಗ ಮುನಿಯದೆ ಉತ್ತರಕೊಡುವವನೇ ಆಪ್ತನು. ಉತ್ತರವು ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಳ್ಳುವವನೇ ಗುರುವು.

ಪಂಜರದ ಗಿಳಿಯು ಇನ್ನು ಮನೆಮನೆಯಲ್ಲಿಯೂ ನುಡಿಯುವುದು. ದಿನದಿನಕ್ಕೆ ಇನ್ನೂ ಇಂಪಾಗಿ ನುಡಿಯುವುದು. ಅದರ ನುಡಿಯನ್ನು ಕೇಳಬಾರದೆಂದು ಯಾರೂ ಹೇಳುವುದಿಲ್ಲ. ಕೇಳುವವನು ಮನುಷ್ಯನಾಗಿ ಉಳಿದಿರಬೇಕು, ಅಷ್ಟೆ. ಅದಕ್ಕಾಗಿ ತತ್ತ್ವಶಾಸ್ತ್ರದ ಅಧ್ಯಯನವು ಹಿಂದೆ ಬೇಕಾಗಿದ್ದುದಕ್ಕಿಂತ ಇ೦ದು ಹೆಚ್ಚಾಗಿ ಬೇಕಾಗಿದೆಯೆಂಬುದೇ ಸಿದ್ಧಾಂತ. ಶ್ರೀಗಳವರ ಕೃಪೆಯಿಂದ ಶ್ರೀಮಠದ ಪಾಠಶಾಲೆಯಲ್ಲಿ ಪ್ರಶ್ನೆಯ ದೀಪವು ನಂದದೆ ಬೆಳಗಲಿ. ಅದರ ಬೆಳಕು ಭಕ್ತಜನರ ಮನೆಗಳನ್ನು ಮುಟ್ಟಲಿ.